ಒಂದೇ ಡಿಸ್ಕ್‌ಗೆ 11 ಗೇಮ್, ಕಮಡೋರ್ 64ಗೆ ನಾನು ಇಮೇಜ್ ಮಾಡಿದ್ದು

ಕಮಡೋರ್ 64 ಅಂದ್ರೆ ಎಂಬತ್ತರ ದಶಕದ ಹೋಮ್ ಕಂಪ್ಯೂಟರ್. ಅದಕ್ಕೆ ಗೇಮ್‌ಗೊಂದು ಇಮೇಜ್ (ಇಡೀ ಫ್ಲಾಪಿ ಡಿಸ್ಕಿನ ನಕಲಿರೋ ಫೈಲ್) ಇಟ್ಕೊಂಡು ಪ್ರತೀ ಸಲ ಡಿಸ್ಕ್ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ಎಲ್ಲಾನೂ ಒಂದೇ ಡಿ64 ಇಮೇಜ್ ಫೈಲಿಗೆ ತುಂಬಿ ಮುಂದೆ ಒಂದು ಮೆನು ಹಾಕೋಣ ಅಂತ ಕೂತೆ. ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ದು ಎರಡು ವೀಕೆಂಡ್ ತಿಂತು.

ಮೊದಲು ಜಾಗದ ಲೆಕ್ಕ. ಕಮಡೋರ್‌ನ 1541 ಫ್ಲಾಪಿ ಡ್ರೈವ್‌ನ ಡಿಸ್ಕಲ್ಲಿ 35 ಟ್ರ್ಯಾಕ್, ಒಟ್ಟು 683 ಬ್ಲಾಕ್, ಅದ್ರಲ್ಲಿ 18ನೇ ಟ್ರ್ಯಾಕ್ ಡೈರೆಕ್ಟರಿಗೇ (ಫೈಲ್‌ಗಳ ಪಟ್ಟಿಗೆ) ಹೋಗುತ್ತೆ, ನಮಗೆ ಸಿಗೋದು 664. ಬ್ಲಾಕಿಗೆ 256 ಬೈಟ್ ಆದ್ರೂ 2 ಬೈಟ್ ಮುಂದಿನ ಬ್ಲಾಕ್ ಎಲ್ಲಿದೆ ಅಂತ ಬರ್ಕೊಳ್ಳೋಕೆ ಬೇಕು, ಉಳಿಯೋದು 254. 48 ಕೆಬಿ ಗೇಮ್ ಅಂದ್ರೆ 194 ಬ್ಲಾಕ್, ಅಂಥವು ಮೂರು ಹಾಕಿದ್ರೆ ಮುಗೀತು. ಅದಕ್ಕೇ ಎಲ್ಲಾನೂ ಎಕ್ಸೋಮೈಸರ್ ಅನ್ನೋ ಟೂಲ್‌ನಲ್ಲಿ ಕ್ರಂಚ್ ಮಾಡಿ ಚಿಕ್ಕದು ಮಾಡ್ದೆ, ರನ್ ಕೊಟ್ರೆ ತಾನೇ ಬಿಚ್ಕೊಳ್ಳುತ್ತೆ. ಲೋಡ್ ಕೂಡ ಬೇಗ ಆಗುತ್ತೆ, ಸೆಕೆಂಡಿಗೆ ಸುಮಾರು 400 ಬೈಟ್ ಓದೋ ಡ್ರೈವ್‌ಗೆ ಅದೇ ದೊಡ್ಡ ಉಪಕಾರ.

ಇಮೇಜ್ ಮಾಡೋದು, ಫೈಲ್ ಬರೆಯೋದು ಎಲ್ಲಾ ವೈಸ್ ಅನ್ನೋ ಎಮ್ಯುಲೇಟರ್ (ಈಗಿನ ಕಂಪ್ಯೂಟರ್‌ನಲ್ಲೇ ಕಮಡೋರ್ ಓಡಿಸೋ ಸಾಫ್ಟ್‌ವೇರ್) ಜೊತೆ ಬರೋ ಸಿ1541 ಟೂಲಲ್ಲೇ, ಅದ್ರಲ್ಲಿ ಹೇಳೋಂಥದ್ದೇನಿಲ್ಲ. ಒಂದು ಗೇಮ್ ಮಾತ್ರ ಮೊದಲ ಲೆವೆಲ್ ಮುಗಿದ ತಕ್ಷಣ ನಿಂತೇ ಬಿಡ್ತಿತ್ತು. ನೋಡಿದ್ರೆ ಅದು ಮುಂದಿನ ಲೆವೆಲ್‌ನ ಫೈಲ್ ಹೆಸರಲ್ಲಿ ಹುಡುಕ್ತಾನೇ ಇಲ್ಲ, ನೇರ ಟ್ರ್ಯಾಕ್ ಸೆಕ್ಟರ್ ನಂಬರ್ ಹಿಡ್ಕೊಂಡು ಓದ್ತಿದೆ, ನನ್ನ ಡಿಸ್ಕಲ್ಲಿ ಆ ಜಾಗದಲ್ಲಿ ಬೇರೆ ಯಾವ್ದೋ ಗೇಮ್ ಕೂತಿದೆ. ತೆಗೆದು ಹಾಕ್ದೆ. ಇಂಥದ್ದಕ್ಕೆಲ್ಲ ಸಿಂಗಲ್ ಫೈಲ್ ಗೇಮೇ ಸರಿ.

ನಿಜವಾದ ತಲೆನೋವು ಮೆನು. ಮೆನು ಬರೆದಿದ್ದು ಬೇಸಿಕ್‌ನಲ್ಲಿ, ಅಂದ್ರೆ ಕಮಡೋರ್ ಒಳಗೇ ಇರೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಬೇಸಿಕ್ ಪ್ರೋಗ್ರಾಮ್ ಒಳಗಿಂದಲೇ ಲೋಡ್ ಕೊಟ್ರೆ, ವೇರಿಯೇಬಲ್ ಎಲ್ಲಿಂದ ಶುರು ಅನ್ನೋ ಪಾಯಿಂಟರ್ ಪುಟಾಣಿ ಮೆನುವಿನ ಲೆಕ್ಕದಲ್ಲೇ ಉಳಿಯುತ್ತೆ, ಬೇಸಿಕ್‌ನಲ್ಲಿ ಬರೆದ ದೊಡ್ಡ ಗೇಮ್ ಬಂದ್ರೆ ಮೊದಲ ವೇರಿಯೇಬಲ್ ಬರೆಯುವಾಗ್ಲೇ ತನ್ನ ಕೋಡನ್ನ ತಾನೇ ತಿಂದುಹಾಕುತ್ತೆ. ಅದಕ್ಕೆ ಹಳೇ ಕೀಬೋರ್ಡ್ ಬಫರ್ (ಒತ್ತಿದ ಕೀಗಳು ಕಾಯೋ ಮೆಮೊರಿ ಜಾಗ) ಟ್ರಿಕ್ಕೇ ಗತಿ. ಸ್ಕ್ರೀನ್ ಮೇಲೆ ಲೋಡ್ ಸಾಲು, ಕೆಳಗೆ ರನ್ ಅಂತ ಪ್ರಿಂಟ್ ಮಾಡಿ, ಮೆಮೊರಿಯ 631 ಮತ್ತು 632ಕ್ಕೆ ರಿಟರ್ನ್ ಕೀಯ ಕೋಡ್ 13 ಪೋಕ್ ಮಾಡಿ (ಅಂದ್ರೆ ನೇರ ಬರೆದು), ಎಷ್ಟು ಕೀ ಕಾಯ್ತಿವೆ ಅನ್ನೋ 198ಕ್ಕೆ 2 ಕೊಟ್ಟು ಪ್ರೋಗ್ರಾಮ್ ಮುಗಿಸ್ಬೇಕು. ನಾವೇ ಎರಡು ಸಲ ರಿಟರ್ನ್ ಒತ್ತಿದ್ವಿ ಅಂತ ಮಷೀನ್ ನಂಬುತ್ತೆ.

ನಾನು ಎರಡು ಸಾಲಿನ ಮಧ್ಯೆ ಮೂರು ಸಾಲು ಬಿಟ್ಟಿದ್ದೆ. ಗೇಮ್ ಲೋಡ್ ಆಗುತ್ತೆ, ಶುರು ಆಗಲ್ಲ, ಕರ್ಸರ್ ಸುಮ್ನೆ ಮಿಟುಕಿಸ್ತಾ ಕೂತಿರುತ್ತೆ. ಕೊನೆಗೆ ಸ್ಕ್ರೀನ್ ನೋಡ್ತಾ ಕೂತು ಸಾಲು ಎಣಿಸ್ದೆ: ಒಂದು ಖಾಲಿ, ಸರ್ಚಿಂಗ್, ಲೋಡಿಂಗ್, ರೆಡಿ. ನಾಲ್ಕು! ನನ್ನ ರನ್ ಮೇಲೇ ರೆಡಿ ಬಂದು ಕೂತು ಅದನ್ನ ಅಳಿಸಿಬಿಡ್ತಿತ್ತು. ಒಂದು ಸಾಲಿಗೆ ಒಂದು ಇಡೀ ಸಂಜೆ.

ಇನ್ನೊಂದು ಎಡವಟ್ಟು. ಮೆನು ತಿದ್ದೋಕೆ ಅಂತ ಡಿಲೀಟ್ ಮಾಡಿ, ಅದನ್ನ ವಾಪಸ್ ಹಾಕೋ ಮೊದ್ಲೇ ಹೊಸ ಗೇಮೊಂದನ್ನ ಕಾಪಿ ಮಾಡ್ಬಿಟ್ಟೆ. ಡೈರೆಕ್ಟರಿಯಲ್ಲಿ ಮೊದಲು ಖಾಲಿ ಸಿಕ್ಕ ಜಾಗಕ್ಕೇ ಹೊಸ ಹೆಸರು ಹೋಗೋದು, ಹಾಗಾಗಿ ಹೆಸರಿನ ಬದಲು ಸ್ಟಾರ್ (*) ಹಾಕಿ, ಅಂದ್ರೆ ಮೊದಲ ಫೈಲನ್ನೇ ಕೊಡು ಅಂತ ಲೋಡ್ ಮಾಡಿದ್ರೆ ಮೆನು ಬದಲು ಆ ಗೇಮೇ ಬರ್ತಿತ್ತು. ಆ ಇಮೇಜ್ ಬಿಸಾಕಿ ಹೊಸದು ಫಾರ್ಮ್ಯಾಟ್ ಮಾಡಿ ಮೆನು ಮೊದಲು, ಆಮೇಲೆ ಗೇಮ್‌ಗಳು ಅಂತ ಬರೆಯೋ ಒಂದು ಸ್ಕ್ರಿಪ್ಟ್ ಮಾಡ್ಕೊಂಡೆ. ಈಗ 11 ಗೇಮ್ ಇದೆ, 9 ಬ್ಲಾಕ್ ಖಾಲಿ, ಅಷ್ಟರಲ್ಲಿ ಹಿಡಿಯೋ ಗೇಮ್ ಇನ್ನೂ ಹುಡುಕ್ತಿದೀನಿ.