ಟ್ರೈಪಾಡ್ ಒಂದೇ, ಹಿನ್ನೀರು ಎರಡು

ಶರಾವತಿ ಹಿನ್ನೀರಿನ ಸೂರ್ಯಾಸ್ತ ತೆಗೆಯದ ಫೋಟೋಗ್ರಾಫರ್ ನಮ್ಮ ಸಾಗರದ ಕಡೆ ಯಾರೂ ಇಲ್ಲ. ನನ್ನ ಹಾರ್ಡ್‌ಡಿಸ್ಕ್‌ನಲ್ಲೂ ಸಾವಿರಾರು ಇವೆ. ಚಿನ್ನದ ಬಣ್ಣದ ನೀರು, ಒಂದು ದೋಣಿ, ಹಿಂದೆ ಗುಡ್ಡ. ನೋಡಿದವರೆಲ್ಲ ಇದು ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಳ್ಳುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಗದ್ದೆ, ತೋಟ, ಕಾಡು ಎಲ್ಲ ಈ ನೀರಿನಡಿ ಹೋಯಿತು. ತುಂಬಿದ ನೀರು, ನೀರು ಇಳಿದಾಗ ಮೇಲೇಳುವ ಮುಳುಗಿದ ಮರಗಳ ಬೊಡ್ಡೆ, ಎರಡನ್ನೂ ಜೋಡಿ ಚಿತ್ರವಾಗಿ ತೋರಿಸುತ್ತೇನೆ ಅಂದಾಗ ಗೆಳೆಯರು, "ಮರದ ಬೊಡ್ಡೆ ಫೋಟೋನ ಯಾರು ಗೋಡೆಗೆ ಹಾಕ್ತಾರೆ ಮಾರಾಯ?" ಅಂದರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಚಂದದ ಚಿತ್ರವನ್ನು ಸಂಜೆ ತೆಗೆದೆ. ಬೊಡ್ಡೆ, ಬಿರಿದ ಕೆಸರು, ವಿದ್ಯುತ್ ಕಂಬಗಳನ್ನು ಮಟಮಟ ಮಧ್ಯಾಹ್ನ, ಅದೂ ಕಪ್ಪು-ಬಿಳುಪಿನಲ್ಲಿ. ಹನ್ನೆರಡು ಜೋಡಿ ಪ್ರಿಂಟ್, ಫ್ರೇಮು, ಹಾಲ್ ಬಾಡಿಗೆ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಮಾರಾಟವಾದದ್ದು ಎರಡೇ ಜೋಡಿ. ನೋಡಲು ಬಂದ ಹಿರಿಯರೊಬ್ಬರು, "ಎರಡನೇದನ್ನ ನೀವೇ ಬೇಕಂತ ಕೆಡಿಸಿದ ಹಾಗಿದೆ" ಅಂದರು. ರಾತ್ರಿ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ಸರಿ ಇತ್ತು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಬೆಳಕಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಆಮೇಲೆ ಒಂದೇ ನಿಯಮ ಮಾಡಿಕೊಂಡೆ. ಅದೇ ಜಾಗ, ಅದೇ 35 ಎಂಎಂ ಲೆನ್ಸ್, ಅದೇ ಬೆಳಗಿನ ಹೊತ್ತು, ಅದೇ ವೈಟ್ ಬ್ಯಾಲೆನ್ಸ್ (ಕ್ಯಾಮೆರಾದಲ್ಲಿ ಬಣ್ಣದ ಹೊಂದಾಣಿಕೆ). ಬದಲಾಗುವುದು ನೀರಿನ ಮಟ್ಟ ಮಾತ್ರ. ಒಳ್ಳೆ ಮಳೆಯಾದ ವರ್ಷ ಅದು ಸಮುದ್ರಮಟ್ಟದಿಂದ 1819 ಅಡಿಗೆ ತುಂಬುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಇಳಿದು ಬೊಡ್ಡೆಗಳು ಏಳುತ್ತವೆ. ತುಂಬಾ ಇಳಿದರೆ ಮುಳುಗಿದ್ದ ಮಡೆನೂರು ಅಣೆಕಟ್ಟೂ ಕಾಣುತ್ತದೆ. ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟಿನ ನೀರು ಮುಳುಗಿಸಿದ ಜಾಗ ಅದು. ಒಂದು ಜೋಡಿಗೆ ಏಳೆಂಟು ತಿಂಗಳು ಕಾಯಬೇಕು.

ಕಷ್ಟವಾದದ್ದು ಅದೇ ಜಾಗಕ್ಕೆ ಮರಳುವುದು. ದಡದಲ್ಲಿ ಹೊಡೆದ ಗೂಟ ಮಳೆಗಾಲದಲ್ಲಿ ಮುಳುಗಿತು, ಬೇಸಿಗೆಯಲ್ಲಿ ಹುಡುಕಿದರೆ ಇಲ್ಲ. ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಮುಂದೆ ಬೊಡ್ಡೆ ಇದ್ದರೆ ಅಷ್ಟೇ ಸಾಕು, ಜೋಡಿ ಕೆಟ್ಟಿತು. ಈಗ ನೀರು ಮುಟ್ಟದ ಬಂಡೆ ಮೇಲೇ ನಿಲ್ಲುತ್ತೇನೆ. ಮೊದಲ ಚಿತ್ರದ ಗುಡ್ಡದ ಗೆರೆಯನ್ನು ಪ್ಲಾಸ್ಟಿಕ್ ಹಾಳೆ ಮೇಲೆ ಬರೆದು ಕ್ಯಾಮೆರಾ ಹಿಂದಿನ ಲೈವ್ ವ್ಯೂ ಪರದೆಗೆ ಅಂಟಿಸಿ ಹೊಂದಿಸುತ್ತೇನೆ. ಟ್ರೈಪಾಡ್ ಎತ್ತರಕ್ಕೆ ಇನ್ನೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಬಂಡೆ ಎಲ್ಲಿದೆ ಅಂತಲೂ ಕೇಳಬೇಡಿ.

ನಡುವೆ ಸುಮ್ನೆ ಪೋಲರೈಸರ್, ಅಂದರೆ ಲೆನ್ಸ್ ಮುಂದೆ ಹಾಕುವ ಹೊಳಪು ತಗ್ಗಿಸುವ ಫಿಲ್ಟರ್, ಹಿಡಿದು ಆಡಿದೆ. ನವೆಂಬರಿನಲ್ಲಿ ತಿಳಿನೀರು, ನಾನು ದಿಬ್ಬದ ಮೇಲಿದ್ದೆ. ಉಂಗುರ ತಿರುಗಿಸಿದರೆ ಆಕಾಶದ ಹೊಳಪು ಹೋಗಿ ಕೆಳಗಿನ ಬೊಡ್ಡೆಗಳು ಕಂಡವು! ಎರಡು ಚಿತ್ರಕ್ಕೂ ನಡುವೆ ಹತ್ತು ಸೆಕೆಂಡು ಅಷ್ಟೇ. ಆದರೆ ದಡದ ಹತ್ತಿರದ ಆಳವಿಲ್ಲದ ನೀರಿಗೆ ಮಾತ್ರ ನಡೆಯುತ್ತದೆ. ಜೋಗದಲ್ಲೂ ಆಗಸ್ಟ್ ಮತ್ತು ಏಪ್ರಿಲ್ ಜೋಡಿ ಮಾಡಿದೆ. ಏಪ್ರಿಲ್‌ನ ಬರೀ ಬಂಡೆ ನನಗೆ ಜಾಸ್ತಿ ಇಷ್ಟ.

ಮೂರನೇ ವರ್ಷ ಎಂಟೇ ಜೋಡಿ ಇಟ್ಟೆ, ಎರಡೂ ಬಣ್ಣದಲ್ಲಿ, ಒಂದೇ ಅಳತೆಯಲ್ಲಿ. ಆರು ಮಾರಿದವು. ಜೋಡಿಗೆ ಆರು ಸಾವಿರದಂತೆ ಹಾಕಿದ ದುಡ್ಡು ಬಂದು ಸ್ವಲ್ಪ ಉಳಿಯಿತು. ಕೊಂಡವರಲ್ಲಿ ನಾಲ್ವರು ಮುಳುಗಡೆ ಕುಟುಂಬದವರು. ಬೊಡ್ಡೆ ಬೇಡ ಅಂದಿದ್ದ ಗೆಳೆಯನೇ ಈಗ ಆ ಪ್ಲಾಸ್ಟಿಕ್ ಹಾಳೆ ಯಾವ ಅಂಗಡಿಯದು ಅಂತ ಕೇಳುತ್ತಾನೆ.

ಇದೇ ಹಿನ್ನೀರಿನ ದಡದ ಅಂಬಾರಗೋಡ್ಲಿನಲ್ಲಿ ನೀರು ದಾಟಲು ಬರೀ ಲಾಂಚ್ ಇದ್ದಾಗಿನ ಚಿತ್ರ ನನ್ನ ಹತ್ತಿರ ಇದೆ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಅದರ ಜೋಡಿಗೆ ಅದೇ ಬೆಳಕು, ಅದೇ ಮಂಜು ಬೇಕು, ಎರಡು ಸಲ ಹೋಗಿ ಮಂಜು ಸಿಗದೆ ಬಂದಿದ್ದೇನೆ.