ಗುಡ್ಡದ ಹಕ್ಕಿ ಬೇಟೆಗೆ ನಾನು 28 ಬೋರನ್ನೇ ಆರಿಸಿಕೊಂಡದ್ದು

ನಾಯಿಯ ಹಿಂದೆ ಗುಡ್ಡ ಹತ್ತಿಳಿದು ಲಾವಕ್ಕಿ, ಕವುಜುಗ ಹುಡುಕುವವನು ದಿನವಿಡೀ ಕೋವಿ ಹೊರುತ್ತಾನೆ, ಈಡು ಹೊಡೆಯುವುದು ಕೆಲವೇ ಕ್ಷಣ. ಅದಕ್ಕೇ 12 ಬೋರಿನಿಂದ ಕೆಳಗಿಳಿಯಲು ನಿರ್ಧರಿಸಿದೆ. ಬೋರು ಎಂದರೆ ನಳಿಗೆಯ ತೂತಿನ ಅಳತೆ, ಸಂಖ್ಯೆ ಏರಿದಷ್ಟೂ ತೂತು ಚಿಕ್ಕದು. ಮುಂದಿದ್ದದ್ದು 20, 28 ಮತ್ತು ಇಂಚಿನ ಲೆಕ್ಕದಲ್ಲಿ ಹೇಳುವ, ಎಲ್ಲಕ್ಕಿಂತ ಚಿಕ್ಕದಾದ .410.

.410 ಅನ್ನು ಮೊದಲೇ ಕೈಬಿಟ್ಟೆ. ಅದರ ಎರಡೂವರೆ ಇಂಚಿನ ತೋಟಾದಲ್ಲಿ ಹಿಡಿಸುವುದೇ ಸುಮಾರು 14 ಗ್ರಾಂ ಚರೆ (ಸಣ್ಣ ಗುಂಡು). ಹರಡಿದಾಗ ನಡುನಡುವೆ ಖಾಲಿ ಜಾಗ ಉಳಿಯುತ್ತದೆ, ಅಲ್ಲಿ ಸಿಕ್ಕ ಹಕ್ಕಿ ಒಂದೆರಡು ಚರೆ ತಿಂದು ಪೊದೆ ಸೇರುತ್ತದೆ. ಗಾಯಗೊಂಡ ಹಕ್ಕಿಯನ್ನು ಬಿಟ್ಟು ಬರುವುದು ನನ್ನಿಂದಾಗದು. ಪಳಗಿದ ಕೈಗೆ .410 ಸರಿ, ಹುಡುಗರಿಗೆ ಮೊದಲ ಕೋವಿಯಾಗಿ ಅದನ್ನು ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಉಳಿದೆರಡನ್ನು ಕಾಗದದ ಮೇಲೆ ಪರೀಕ್ಷಿಸಿದೆ. ದೊಡ್ಡ ಹಾಳೆ ಕಟ್ಟಿ, 25 ಮೀಟರಿನಿಂದ ಹೊಡೆದು, ಚರೆ ದಟ್ಟವಾಗಿ ಬಿದ್ದಲ್ಲಿ 30 ಇಂಚಿನ ವೃತ್ತ ಎಳೆದು ತೂತು ಎಣಿಸುವುದು. 28ರ 21 ಗ್ರಾಂ ತೋಟಾದಲ್ಲಿ ಅಮೆರಿಕನ್ ಅಳತೆಯ ಏಳೂವರೆ ನಂಬರಿನ ಚರೆ ಸುಮಾರು 260 ಇರುತ್ತವೆ. ಅವು ವೃತ್ತದ ತುಂಬ ಒಂದೇ ಸಮನೆ ಕೂತಿದ್ದವು. ಲಾವಕ್ಕಿಯಷ್ಟು ಸಣ್ಣ ಹಕ್ಕಿಯೂ ನುಸುಳುವ ಸಂದು ಕಾಣಲಿಲ್ಲ. ಒದೆತ ಕಡಿಮೆ, ಎರಡನೇ ಈಡಿಗೆ ಕಣ್ಣು ಹಕ್ಕಿಯ ಮೇಲೇ ಇರುತ್ತದೆ.

ಕೊಳ್ಳುವಾಗ ತೂಕ ನೋಡಲೇಬೇಕು. ಕೆಲವು 28ಗಳನ್ನು 20ರ ಚೌಕಟ್ಟಿನ ಮೇಲೇ ಕಟ್ಟಿರುತ್ತಾರೆ, ನಳಿಗೆಯ ತೂತು ಚಿಕ್ಕದಾಯಿತೇ ಹೊರತು ಭಾರ ಇಳಿಯುವುದಿಲ್ಲ. ತೀರಾ ಹಗುರಾದರೂ ಕಷ್ಟವೇ: ಹಕ್ಕಿ ಭರ್ರನೆ ಎದ್ದಾಗ ಕೋವಿ ಚುರುಕಾಗಿ ಏರುತ್ತದೆ, ಬೀಸು ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ನಾನು 28 ಇಂಚಿನ ಜೋಡಿ ನಳಿಗೆಯದನ್ನು ತೆಗೆದುಕೊಂಡೆ, ತೂಕ ಎರಡೂವರೆ ಕಿಲೋಗಿಂತ ತುಸು ಹೆಚ್ಚು. ಚರೆ ಎಷ್ಟು ಹರಡಬೇಕೆಂದು ನಿರ್ಧರಿಸುವುದು ಚೋಕ್, ಅಂದರೆ ನಳಿಗೆ ತುದಿಯ ಬಿಗಿತ: ಮೊದಲ ನಳಿಗೆಗೆ ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್, ಎರಡನೆಯದಕ್ಕೆ ಅದಕ್ಕಿಂತ ಬಿಗಿಯಾದ ಮಾಡಿಫೈಡ್. 30 ಮೀಟರ್ ದಾಟಿದ ಹಕ್ಕಿಗೆ ಕೋವಿ ಎತ್ತುವುದಿಲ್ಲ.

ಬಲಿತ ಫೆಸೆಂಟ್ ಹುಂಜಗಳು ದೂರದಲ್ಲೇ ಏಳುವ ಕಾಲಕ್ಕೆ 20 ಬೋರೇ ವಾಸಿ. ಸೀಸದ ಚರೆ ನಿಷೇಧವಿರುವ ಕಡೆಯೂ ಅಷ್ಟೆ. ಉಕ್ಕು ಹಗುರಾದ್ದರಿಂದ ಸೀಸದ್ದಕ್ಕಿಂತ ಎರಡು ನಂಬರಿನಷ್ಟು ಹೆಚ್ಚು ದಪ್ಪದ ಚರೆ ಬೇಕಾಗುತ್ತದೆ, 28ರ ಪುಟ್ಟ ತೋಟಾದಲ್ಲಿ ಅದು ಎಷ್ಟು ತಾನೆ ಹಿಡಿದೀತು? ಬಿಸ್ಮತ್ ಎಂಬ ಲೋಹದ ಚರೆ ತೂಕದಲ್ಲಿ ಸೀಸಕ್ಕೆ ಹತ್ತಿರ, ಬೆಲೆ ಮಾತ್ರ ಬಲು ಜಾಸ್ತಿ.

ಎರಡೂ ಬೋರು ಇಟ್ಟುಕೊಂಡವರಿಗೆ ಒಂದು ಮಾತು ಒತ್ತಿ ಹೇಳಬೇಕು. 28ರ ತೋಟಾ 20ರ ಕೋವಿಗೆ ಬಿದ್ದರೆ ಮುಂದಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಖಾಲಿ ಇದೆಯೆಂದು ಹಿಂದೆ ಇನ್ನೊಂದು ತೋಟಾ ತುಂಬಿ ಕುದುರೆ ಎಳೆದರೆ ನಳಿಗೆ ಸಿಡಿಯುತ್ತದೆ. 12ರ ಕೋವಿಗೆ 20ರ ತೋಟಾ ಬಿದ್ದರೂ ಇದೇ ಗತಿ, 20ರ ತೋಟಾಕ್ಕೆ ಹಳದಿ ಬಣ್ಣ ಕೊಡುವುದೂ ಅದಕ್ಕೇ. ಕೋವಿ ಬದಲಿಸಿದ ದಿನ ನಾನು ಹೊರಡುವ ಮುನ್ನ ಕೋಟಿನ ಜೇಬನ್ನೆಲ್ಲ ಮೇಜಿನ ಮೇಲೆ ಸುರಿದು ನೋಡುತ್ತೇನೆ.