ಅಡಿಕೆ ಚೀಲಗಳ ನಡುವೆ ನಮ್ಮ ರ‍್ಯಾಪ್ ಡ್ಯುಯೆಟ್

ನಾನೂ ನನ್ನ ಜೊತೆ ಹಾಡುವ ಹುಡುಗಿಯೂ ಎದುರುಬದುರು ಕೂತು, ಒಂದೇ ಕೋಣೆಯಲ್ಲಿ, ಒಂದೇ ಟೇಕಿನಲ್ಲಿ ರ‍್ಯಾಪ್ ಮಾಡುತ್ತೇವೆ ಅಂದಾಗ ಕಾರವಾರದಿಂದ ಹುಬ್ಬಳ್ಳಿಯವರೆಗೆ ನನಗೆ ಗೊತ್ತಿದ್ದ ಐದಾರು ಜನರೂ ಬೇಡ ಅಂದಿದ್ದರು. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಹೋಗುತ್ತದೆ, ಮಿಕ್ಸ್ ಮಾಡಲಿಕ್ಕೆ ಆಗುವುದಿಲ್ಲ, ಅವಳು ಒಂದು ಸಾಲು ತಪ್ಪಿದರೆ ನಿನ್ನ ಸಾಲೂ ಹೋಯಿತು ಅಂತ. ಆದರೂ ಮಾಡಿದೆವು. ಹಾಡು ಈಗ ಮೂರು ಲಕ್ಷ ವ್ಯೂ ದಾಟಿದೆ. ಕುಮಟಾ ಶಿರಸಿ ಬಸ್ಸಿನಲ್ಲಿ ಯಾರದೋ ಫೋನಿನಿಂದ ಕೇಳಿದ್ದೇನೆ. ಬೈತಖೋಲ ಬಂದರಿನಲ್ಲಿ ಮೀನು ಇಳಿಸುವ ಹುಡುಗರು ನನ್ನನ್ನು ಕಂಡರೆ ಹಾಡಿನ 'ಅಡ್ಡಿಲ್ಲೆ' ಅಂತ ಕೂಗುತ್ತಾರೆ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿ ಆದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾರವಾರದ ಕೋಡಿಬಾಗದವನು, ಮನೆಮಾತು ಕೊಂಕಣಿ. ಅವಳು ಶಿರಸಿಯಿಂದ ಹುಲೇಕಲ್ ಕಡೆಯ ಒಂದು ಹಳ್ಳಿಯವಳು, ಹವ್ಯಕರ ಹುಡುಗಿ. ಹಾಡಿನ ಮೂಲ ಎರಡೇ ಶಬ್ದ. ಅವಳು ಯಾವುದಕ್ಕೂ 'ಅಡ್ಡಿಲ್ಲೆ' ಅನ್ನುತ್ತಾಳೆ, ನಾನು 'ಪುರೋ' ಅನ್ನುತ್ತೇನೆ. ಘಟ್ಟದ ಮೇಲಿನವಳು ಪರವಾಗಿಲ್ಲ ಅಂತಾಳೆ, ಕರಾವಳಿಯವನು ಸಾಕು ಅಂತಾನೆ. ಇಡೀ ಹಾಡು ಆ ಜಗಳ.

ಮೊದಲ ಪೆಟ್ಟು ಬೀಟಿನಲ್ಲೇ, ಅಂದರೆ ಹಾಡಿನ ಹಿಂದಿನ ಸಂಗೀತದಲ್ಲೇ ಬಿತ್ತು. ಆನ್‌ಲೈನಿನಲ್ಲಿ ಎರಡೂವರೆ ಸಾವಿರ ಕೊಟ್ಟು ಒಂದು ಬೀಟ್ ಲೀಸಿಗೆ ತಗೊಂಡೆ. ಲೀಸ್ ಅಂದರೆ ಅದೇ ಬೀಟು ಇನ್ನೂ ನೂರು ಜನರ ಹತ್ತಿರ ಇರುತ್ತದೆ ಅಂತ ಗೊತ್ತಿತ್ತು, ಆದರೆ ಅವರಲ್ಲಿ ಒಬ್ಬರು ಮೊದಲೇ ಯೂಟ್ಯೂಬಿನ ಕಂಟೆಂಟ್ ಐಡಿಗೆ, ಅಂದರೆ ಯಾರ ಸಂಗೀತ ಅಂತ ಗುರುತು ಹಚ್ಚುವ ವ್ಯವಸ್ಥೆಗೆ ಹಾಕಿಬಿಟ್ಟಿದ್ದರೆ ಏನಾಗುತ್ತದೆ ಅಂತ ಯೋಚಿಸಿರಲಿಲ್ಲ. ಡೆಮೊ ಏರಿಸಿದ ಅರ್ಧ ಗಂಟೆಯಲ್ಲಿ ಸಂಗೀತ ಬೇರೆಯವರದ್ದು ಅಂತ ಕ್ಲೇಮ್ ಬಂತು. ದುಡ್ಡು ಹೋಯಿತು. ಆವತ್ತಿನಿಂದ ಹೊರಗಿನ ಬೀಟು ಮುಟ್ಟಿಲ್ಲ.

ಆಮೇಲೆ ಹುಬ್ಬಳ್ಳಿಯ ಒಂದು ಸ್ಟುಡಿಯೋ. ಗಂಟೆಗೆ ಎಂಟುನೂರು, ಎರಡು ದಿನ, ಊಟ ಬಸ್ಸು ಸೇರಿ ಒಂಬತ್ತು ಸಾವಿರದ ಹತ್ತಿರ. ಅಲ್ಲಿ ನಾನು ಒಂದು ದಿನ ಹಾಡಿದೆ, ಅವಳು ಮರುದಿನ ಬಂದು ಹಾಡಿದಳು. ಸೌಂಡ್ ಬಹಳ ಶುಭ್ರ. ಆದರೆ ಕೇಳಿದರೆ ಇಬ್ಬರು ಬೇರೆ ಬೇರೆ ಊರಲ್ಲಿ ಕೂತು ವಾಯ್ಸ್ ಮೆಸೇಜ್ ಕಳಿಸಿಕೊಂಡ ಹಾಗಿತ್ತು. ಅವಳ ಅಪ್ಪ ತಾಳಮದ್ದಲೆಯಲ್ಲಿ (ಕುಣಿತವಿಲ್ಲದ ಯಕ್ಷಗಾನ) ಅರ್ಥ, ಅಂದರೆ ಪಾತ್ರದ ಮಾತು ಹೇಳುವವರು. ಅವರಿಗೆ ಕೇಳಿಸಿದೆವು. "ಎದುರಿದ್ದವ ಎಂತ ಹೇಳ್ದಾ ಹೇಳಿ ಕೇಳ್ದೇ ಅರ್ಥ ಹೇಳಿರೆ ಅದು ಭಾಷಣ ಆಗ್ತು ತಮಾ" ಅಂದರು. ನನ್ನ ತಲೆಗೆ ಅದು ಕೂತುಬಿಟ್ಟಿತು. ಡ್ಯುಯೆಟ್ಟಿನಲ್ಲಿ ನಾವು ಹದಿನಾರು ಬಾರ್ (ತಾಳದ ಸುತ್ತು) ನನಗೆ, ಹದಿನಾರು ಬಾರ್ ನಿನಗೆ ಅಂತ ಪಾಲು ಮಾಡಿಕೊಳ್ಳುತ್ತೇವಲ್ವಾ, ತಪ್ಪಿದ್ದೇ ಅಲ್ಲಿ. ನಾಲ್ಕು ಬಾರ್‌ಗೆ, ಎರಡು ಬಾರ್‌ಗೆ, ಕೊನೆಗೆ ಅರ್ಧ ಬಾರ್‌ಗೇ ಮಾತು ಕಸಿದುಕೊಳ್ಳುವ ಹಾಗೆ ಬರೆದೆವು. "ಬಂಗಡೆ ತಿಂಬವಂಗೆ ಅಪ್ಪೆಹುಳಿ ಗೊತ್ತಿದ್ದಾ?" ಅಂತ ಅವಳು. "ಅಪ್ಪೆಹುಳಿ ಕುಡ್ದವಳಿಗೆ ಉಪ್ಪುಗಾಳಿ ತಡೀತದಾ?" ಅಂತ ನಾನು. ಅವಳ 'ಗೊತ್ತಿದ್ದಾ' ಮುಗಿಯುವ ಮೊದಲೇ ನನ್ನ 'ಅಪ್ಪೆ' ಏರಬೇಕು. ಇದನ್ನು ಬೇರೆ ಬೇರೆ ದಿನ ರೆಕಾರ್ಡ್ ಮಾಡಿ ಅಂಟಿಸಲಿಕ್ಕೆ ಸಾಧ್ಯವೇ ಇಲ್ಲ. ಉಸಿರು ಸುಳ್ಳು ಹೇಳುತ್ತದೆ.

ಬೀಟಿಗೆ ಯಕ್ಷಗಾನದ ತಾಳ ಇರಲಿ ಅಂತ ಮೊದಲಿಂದ ಆಸೆ. ತ್ರಿವುಡೆ ಹಿಡಿದು ಏಳು ಮಾತ್ರೆಯಲ್ಲಿ ಕಟ್ಟಿದೆ. ಎರಡು ತಿಂಗಳು ಹೋಯಿತು. ನಮಗೆ ಬಹಳ ಖುಷಿ, ಕಾಲೇಜು ಹುಡುಗರಿಗೆ ಕೇಳಿಸಿದರೆ ನಾಲ್ಕನೇ ಬಾರ್‌ಗೆ ತಲೆ ಆಡಿಸುವುದು ನಿಲ್ಲಿಸುತ್ತಿದ್ದರು. ಬಿಟ್ಟೆ. ಎಂಟು ಮಾತ್ರೆಗೆ ಬಂದು 92 ಬಿಪಿಎಂ, ಅಂದರೆ ನಿಮಿಷಕ್ಕೆ 92 ಬಡಿತದ ವೇಗದಲ್ಲಿ ನಿಂತೆ, ಮದ್ದಲೆಯನ್ನು ಡ್ರಮ್ಮಿನ ಕಿಕ್ ಸ್ನೇರುಗಳ ನಡುವೆ ಮೆಲ್ಲಗೆ ಇಟ್ಟೆ, ಕ್ವಾಂಟೈಸ್ ಮಾಡಲಿಲ್ಲ, ಅಂದರೆ ಪೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕಕ್ಕೆ ಸರಿಯಾಗಿ ಕೂರಿಸಲಿಲ್ಲ. ಚಂಡೆ ಬರುವುದು ಮುಕ್ತಾಯಕ್ಕೆ ಮಾತ್ರ. ಚಂಡೆಯನ್ನು ಕೋಣೆಯೊಳಗೆ ರೆಕಾರ್ಡ್ ಮಾಡಬೇಡಿ, ದಯವಿಟ್ಟು. ನಾನು ಮಾಡಿದೆ, ಕಿವಿ ಗುಂಯ್ ಅಂದಿತು, ಫೈಲಿನ ತುಂಬಾ ಕ್ಲಿಪ್ಪಿಂಗ್, ಶಬ್ದ ಮಿತಿ ಮೀರಿ ಒಡೆದಿತ್ತು. ಅಂಗಳದಲ್ಲಿ ಹದಿನೈದು ಅಡಿ ದೂರ ಮೈಕ್ ಇಟ್ಟ ಮೇಲೆ ಸರಿಯಾಯಿತು.

ಬೇಸಿನ ಕತೆ ಬೇರೆ. ನಮ್ಮ ಹಾಡಿನಲ್ಲಿ ಜಾರಿಕೊಂಡು ಇಳಿಯುವ ಆ ಬೇಸ್ 808 ಡ್ರಮ್ ಮಷೀನಿನದು ಅಂತ ಎಲ್ಲರೂ ತಿಳಿದಿದ್ದಾರೆ. ಅದು ಗುಮಟೆ. ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಮಣ್ಣಿನ ಗುಮಟೆ. ಒಂದು ಕಡೆ ಚರ್ಮ, ಇನ್ನೊಂದು ಕಡೆ ಬಾಯಿ ತೆರೆದಿರುತ್ತದೆ. ಬಲಗೈ ಬಾರಿಸುವಾಗ ಎಡಗೈ ಆ ಬಾಯನ್ನು ಮುಚ್ಚಿ ತೆಗೆದು ಮಾಡುತ್ತದೆ, ಆಗ ಸ್ವರ ಬಾಗುತ್ತದೆ. 808ಕ್ಕೆ ನಾವು ಗ್ಲೈಡ್ ಹಾಕಿ ಏನು ಮಾಡುತ್ತೇವೋ ಅದನ್ನು ಅಂಗೈ ಮಾಡುತ್ತದೆ. 2025ರ ಸುಗ್ಗಿ ಮುಗಿದ ಮೇಲೆ ಅಂಕೋಲಾ ಕಡೆಯ ಒಬ್ಬ ಅಜ್ಜನ ಹತ್ತಿರ ಹೋಗಿದ್ದೆ. ಹಾಲಕ್ಕಿ ಹಾಡುಗಾರ್ತಿ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಆ ಫೆಬ್ರುವರಿಯಲ್ಲೇ ತೀರಿಕೊಂಡಿದ್ದರು. ಅಜ್ಜ ಮೊದಲು ಒಂದು ತಾಸು ಅವರ ಹಾಡುಗಳ ಬಗ್ಗೆಯೇ ಮಾತಾಡಿದರು. ಇಂಟರ್ನೆಟ್ಟಿನಲ್ಲಿ ಸಿಗುವ ಹಳೆಯ ಹಾಡಿನ ತುಣುಕು ಕತ್ತರಿಸಿ ಹಾಕುವ ಯೋಚನೆ ನನಗೆ ಇತ್ತು, ಅವತ್ತೇ ಬಿಟ್ಟೆ. ಕೇಳಿ, ಕೂರಿಸಿ, ಕೈಗೆ ದುಡ್ಡು ಕೊಟ್ಟು ಬಾರಿಸಿಕೊಂಡೆ. ಎರಡು ಸಾವಿರ ಕೊಟ್ಟಿದ್ದು, ಹಾಡು ಓಡಿದ ಮೇಲೆ ಮತ್ತೆ ಹೋಗಿ ಐದು ಕೊಟ್ಟು ಬಂದೆ. ಆ ಬೇಸನ್ನು ಎಷ್ಟು ಇಳಿಸಿದೆ, ಅದರ ಕೆಳಗೆ ಏನು ಸೇರಿಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಯಲ್ಲಾಪುರದ ಕಡೆ ಸಿದ್ದಿ ಸಮುದಾಯದವರ ಡಮಾಮಿ ಬಡಿತವನ್ನೂ ಕೇಳಿ ಬಂದಿದ್ದೆ. ಅದರ ನಡೆ ನನ್ನ 92ಕ್ಕೆ ಬಗ್ಗಲಿಲ್ಲ. ಅದಕ್ಕೆ ಅದರದ್ದೇ ಹಾಡು ಬೇಕು.

ಈಗ ಜಾಗ. ನಮ್ಮ ಮನೆಯಲ್ಲಿ ರೆಕಾರ್ಡ್ ಮಾಡಲಿಕ್ಕೆ ಒಂದು ವರ್ಷ ಒದ್ದಾಡಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ರಾತ್ರಿ ಬೋಟಿನ ಸದ್ದಿರುವುದಿಲ್ಲ. ಆದರೆ ಆಗಲೇ ಮಳೆ. ವರ್ಷಕ್ಕೆ 3000 ಮಿ.ಮೀ. ದಾಟುವ ಊರು ನಮ್ಮದು, ತಗಡಿನ ಮಾಡಿನ ಕೆಳಗೆ ಮೈಕ್ ಹಚ್ಚಿದರೆ ಮಳೆಯದ್ದೇ ಆಲ್ಬಮ್ ಆಗುತ್ತದೆ. ಮಳೆ ನಿಂತರೆ ಬೋಟು ಶುರು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಆ ದಿನಗಳಲ್ಲಿ ಹಾಡಿನ ಮಾತೇ ಎತ್ತಲಿಲ್ಲ. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಎರಡೂ ದಿಕ್ಕಿನ ಗಾಡಿಗಳು ಒಂದೇ ಸೇತುವೆಗೆ ಬಂದ ಮೇಲೆ ಕೋಡಿಬಾಗದಲ್ಲಿ ಹಾರ್ನ್ ನಿಂತ ಹೊತ್ತೇ ಇರಲಿಲ್ಲ.

ಕೊನೆಗೆ ಜಾಗ ಸಿಕ್ಕಿದ್ದು ಅವಳ ಸೋದರಮಾವನ ಮನೆಯ ಅಡಿಕೆ ಕೋಣೆ. ಮಣ್ಣಿನ ಗೋಡೆ, ಮೂರು ಕಡೆ ಮಾಡಿನವರೆಗೆ ಚಾಲಿ (ಬಿಸಿಲಿಗೆ ಒಣಗಿಸಿದ) ಅಡಿಕೆಯ ಗೋಣಿಚೀಲ. ಒಳಗೆ ಹೋಗಿ ಒಂದು ಚಪ್ಪಾಳೆ ಹೊಡೆದೆ, ಶಬ್ದ ಅಲ್ಲೇ ಸತ್ತಿತು. ಇಪ್ಪತ್ತು ಸಾವಿರದ ಫೋಮ್ ಹಚ್ಚಿದರೂ ಇಷ್ಟು ಬರುವುದಿಲ್ಲ, ಯಾಕೆಂದರೆ ಫೋಮು ತೆಳು, ಇದು ಒಂದೂವರೆ ಅಡಿ ದಪ್ಪ, ಕೆಳಗಿನ ದನಿಯನ್ನೂ ನುಂಗುತ್ತದೆ. 2025ರ ಮೇ ತಿಂಗಳು. ಮೊದಲ ರಾತ್ರಿ ಹದಿನೈದು ಟೇಕ್ ಆಯಿತು. ಎರಡನೇ ವಾರ ಸಾಮಾನು ಹೊತ್ತುಕೊಂಡು ಹೋದರೆ ಕೋಣೆ ಖಾಲಿ! "ತಮಾ, ರೇಟು ಬಂಜು ಹೇಳಿ ಕಳ್ಸಿಬಿಟ್ಟಿ" ಅಂದರು ಮಾವ, ರೇಟು ಬಂತು ಅಂತ ಮಾರಾಟಕ್ಕೆ ಕಳಿಸಿಬಿಟ್ಟಿದ್ದರು. ಖಾಲಿ ಕೋಣೆಯಲ್ಲಿ ಮಾತಾಡಿದರೆ ದೇವಸ್ಥಾನದ ಪೌಳಿಯಲ್ಲಿ ಮಾತಾಡಿದ ಹಾಗೆ. ಅವರ ಅಡಿಕೆ, ಅವರ ರೇಟು, ನಾನೇನು ಹೇಳಲಿ. ಪಕ್ಕದ ಎರಡು ಮನೆಯವರ ಚೀಲಗಳನ್ನು ಬೇಡಿ, ಹದಿನೆಂಟು ಚೀಲ ನಾವಿಬ್ಬರೂ ಅವಳ ತಮ್ಮನೂ ಸೇರಿ ಹೊತ್ತು ತಂದು ಪೇರಿಸಿದೆವು, ಬೆನ್ನು ಮೂರು ದಿನ ನೋವು. ಆದರೆ ಸೌಂಡ್ ವಾಪಸ್ ಬಂತು.

ಮೈಕ್ ಎರಡು. ಒಂಬತ್ತು ಸಾವಿರಕ್ಕೆ ಸೆಕೆಂಡ್ ಹ್ಯಾಂಡಿನ, ಸಣ್ಣ ದನಿಯನ್ನೂ ಹಿಡಿಯುವ ಕಂಡೆನ್ಸರ್ ನನ್ನದು, ಇನ್ನೊಂದು ಸ್ನೇಹಿತನಿಂದ ತಂದ ಸ್ಟೇಜ್ ಮೈಕು ಎಸ್‌ಎಂ 58. ಅವಳಿಗೆ ಕಂಡೆನ್ಸರ್, ನನಗೆ 58, ನನ್ನ ದನಿ ದೊಡ್ಡದು. ಕಾರ್ಡಿಯಾಯ್ಡ್ ಮೈಕಿಗೆ (ಎರಡೂ ಅಂಥವೇ) ಬೆನ್ನಿನ ಕಡೆ ಕಿವಿ ಕಡಿಮೆ ಅಂತ ಎಲ್ಲರಿಗೂ ಗೊತ್ತು, ಆದರೂ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸುತ್ತಾರೆ. ಎದುರುಬದುರು ಕೂತರೆ ನನ್ನ ಮೈಕಿನ ಬೆನ್ನು ಅವಳ ಬಾಯಿಗೆ, ಅವಳ ಮೈಕಿನ ಬೆನ್ನು ನನ್ನ ಬಾಯಿಗೆ ಬರುತ್ತದೆ. ಬಾಯಿಂದ ಮೈಕಿಗೆ ಅರ್ಧ ಅಡಿ, ಮೈಕಿನಿಂದ ಮೈಕಿಗೆ ನಾಲ್ಕಡಿ. ಬ್ಲೀಡ್, ಅಂದರೆ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುವುದು ಬಂತು, ಇಲ್ಲ ಅನ್ನುವುದಿಲ್ಲ, ಆದರೆ ಎಷ್ಟು ಕಡಿಮೆ ಅಂದರೆ ಅದೇ ಹಾಡಿಗೆ ಕೋಣೆಯ ಗಾಳಿ ಕೊಟ್ಟಿತು. ಒಂದು ಇಯರ್‌ಫೋನ್ ಮಾತ್ರ ಹಾಕಿಕೊಂಡೆವು, ಇನ್ನೊಂದು ಕಿವಿ ಎದುರಿನವರಿಗೆ. ಜೀರುಂಡೆ ಸದ್ದು ಇಳಿಯುವುದು ರಾತ್ರಿ ಹನ್ನೊಂದರ ಮೇಲೆ, ಹಾಗಾಗಿ ಹನ್ನೊಂದೂವರೆಗೆ ಶುರು, ಮೂರಕ್ಕೆ ಬಂದ್. ಕರೆಂಟು ಎರಡು ಸಲ ಕೈಕೊಟ್ಟಿತು.

ಮೂರು ರಾತ್ರಿ, ನಲವತ್ತೊಂದು ಟೇಕ್ ಅಂತ ನೆನಪು. ಹಾಡಿನಲ್ಲಿರುವುದು ಮೂವತ್ತರ ಆಸುಪಾಸಿನದು. ಅದರಲ್ಲಿ ನಾನು ಒಂದು ಶಬ್ದ ನುಂಗಿದ್ದೇನೆ, ಅವಳು ಅದನ್ನು ಕೇಳಿಸಿಕೊಂಡು ನಕ್ಕು, ಆ ನಗುವಿನ ಮೇಲೇ ಮುಂದಿನ ಸಾಲು ಹತ್ತಿಸಿದ್ದಾಳೆ. ಜನ ಕಾಮೆಂಟಿನಲ್ಲಿ ಬರೆಯುವುದು ಆ ನಗುವಿನ ಬಗ್ಗೆಯೇ. ಕೊರಸ್ಸಿನ 'ಅಡ್ಡಿಲ್ಲೆ'ಯಲ್ಲಿ ಎಂಟು ಜನ ಇದ್ದ ಹಾಗೆ ಕೇಳುತ್ತದೆ, ಇರುವುದು ಅವಳೊಬ್ಬಳೇ. ಅದನ್ನು ಹೇಗೆ ಮಾಡಿದೆ ಅಂತ ಈಗ ಹೇಳುವುದಿಲ್ಲ, ಮುಂದಿನ ಹಾಡಿಗೂ ಬೇಕು.

ಎಲ್ಲ ಸೇರಿ ಖರ್ಚು ನಲವತ್ತೆರಡು, ನಲವತ್ಮೂರು ಸಾವಿರ. ಅದರಲ್ಲಿ ಹದಿನೈದು ಸಾವಿರದಷ್ಟು ಹಾಳಾದ ದುಡ್ಡು. ಯೂಟ್ಯೂಬಿನಿಂದ ಬಂದಿದ್ದು ಇಲ್ಲಿಯವರೆಗೆ ಹನ್ನೊಂದು ಸಾವಿರ. ಗ್ಯಾದರಿಂಗು, ಉತ್ಸವ ಅಂತ ಆರು ಸ್ಟೇಜ್ ಸಿಕ್ಕಿತು, ಒಂದಕ್ಕೆ ಹನ್ನೆರಡರಿಂದ ಹದಿನೈದು. ಇಬ್ಬರೂ ಸಮ ಹಂಚಿಕೊಂಡೆವು, ಬೀಟ್ ನನ್ನದು ಅಂತ ಜಾಸ್ತಿ ತಗೊಂಡಿಲ್ಲ.

ಎರಡನೇ ಹಾಡು ಬರೆದಾಗಿದೆ. ಈ ವರ್ಷದ ಚಾಲಿ ಸುಲಿದು ಚೀಲ ತುಂಬುವುದನ್ನೇ ಕಾಯುತ್ತಿದ್ದೇವೆ. ರೇಟು ಏರಿದರೆ ಮೊದಲು ನಮಗೆ ಒಂದು ಫೋನ್ ಮಾಡಿ ಅಂತ ಮಾವನಿಗೆ ಹೇಳಿಟ್ಟಿದ್ದೇನೆ. "ಅಡ್ಡಿಲ್ಲೆ" ಅಂದಿದ್ದಾರೆ.